ಹೆಸರು ಹಾಕಿಸಿದ ಗಿಟಾರು

ಎಲ್ಲ ತೊಂದರೆಗೂ ಕಾರಣ, ಆ ಗಿಟಾರಿಗೆ ಹೆಸರಿಲ್ಲದೆ ಇದ್ದದ್ದು.

ಪಂಪ್‌ಸೆಟ್ಟಿಗೆ ಹೆಸರಿರುತ್ತದೆ, ಬೀಡಿ ಕಟ್ಟಿಗೆ ಹೆಸರಿರುತ್ತದೆ, ಬೆಂಕಿಪೊಟ್ಟಣಕ್ಕೂ ಹೆಸರಿರುತ್ತದೆ. ಶಾಂತಮೂರ್ತಿ ಹನೂರಿನ ಗುಜರಿಯಿಂದ ಹೊತ್ತು ತಂದ ಎಲೆಕ್ಟ್ರಿಕ್ ಗಿಟಾರಿನ ತಲೆಯ ಮೇಲೆ, ಕಂಪನಿಯ ಹೆಸರಿರಬೇಕಾದ ಜಾಗದಲ್ಲಿ, ಯಾರೋ ಬ್ಲೇಡಿನಿಂದ ಕೆರೆದ ಗುರುತು ಮಾತ್ರ ಇತ್ತು. ಮೈಗೆ ಕಪ್ಪು ಬಣ್ಣ. ಕಪ್ಪು ಎದ್ದು ಹೋದ ಕಡೆ ಕೆಂಪು, ಕೆಂಪು ಎದ್ದು ಹೋದ ಕಡೆ ಆಟೋರಿಕ್ಷಾದ ಹಳದಿ. ತಂತಿಗಳ ಕೆಳಗೆ ಕೂತು ಸದ್ದು ಹಿಡಿಯಬೇಕಾದ ಕಾಯಿಲ್ ಸತ್ತಿತ್ತು. ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಸಾಲಾಗಿ ನಿಲ್ಲಿಸುವ ಪಟ್ಟಿ ಮುರಿದಿತ್ತು. ಸೌಂಡು ಏರಿಸಿ ಇಳಿಸುವ ತಿರುಪು ಇರಲೇ ಇಲ್ಲ.

"ಇಷ್ಟೇ ತಾನೆ" ಅಂದುಕೊಂಡ ಶಾಂತಮೂರ್ತಿ. ಅವನು ಏನು ಕಂಡರೂ ಹಾಗೆ ಅಂದುಕೊಳ್ಳುವವನು. ಎಸ್ಸೆಸ್ಸೆಲ್ಸಿ ಗಣಿತದ ಪ್ರಶ್ನೆಪತ್ರಿಕೆ ನೋಡಿದಾಗಲೂ ಹಾಗೇ ಅಂದುಕೊಂಡಿದ್ದ.

ಅವನು ಕೊಳ್ಳೇಗಾಲದ ಮಾದಣ್ಣನ ಆರ್ಕೆಸ್ಟ್ರಾದಲ್ಲಿ ವೈರು ನೋಡಿಕೊಳ್ಳುವವನು. ಕಾರ್ಯಕ್ರಮಕ್ಕೆ ಮೊದಲು ವೈರು ಎಳೆಯುವುದು, ಮುಗಿದ ಮೇಲೆ ಅದೇ ವೈರು ಸುತ್ತುವುದು. ಎಷ್ಟೋ ಊರುಗಳಲ್ಲಿ ಎಷ್ಟೋ ಸಾವಿರ ಜನ ಅವನ ಬೆನ್ನು ನೋಡಿದ್ದರು. ಮುಖ ನೋಡಿದವರು ಯಾರೂ ಇರಲಿಲ್ಲ. ಗಿಟಾರಿಸ್ಟ್ ಊಟಕ್ಕೆ ಹೋದಾಗಲೆಲ್ಲ ಅವನ ಗಿಟಾರು ಎತ್ತಿಕೊಂಡು, ಫೋನಿನಲ್ಲಿ ಪಾಠದ ವೀಡಿಯೋ ಹಾಕಿಕೊಂಡು, ಶಾಂತಮೂರ್ತಿ ಬಾರಿಸಲು ಕಲಿತಿದ್ದ. ಚೆನ್ನಾಗಿಯೇ ಕಲಿತಿದ್ದ. ಹೋದ ವಾರ ಆ ಗಿಟಾರಿಸ್ಟು ಗಿಟಾರಿನ ಸಮೇತ ಇನ್ನೊಂದು ತಂಡಕ್ಕೆ ಹಾರಿದ. ಆ ಜಾಗ ತನಗೆ ಕೊಡಿ ಎಂದು ಶಾಂತಮೂರ್ತಿ ಬೆಳಿಗ್ಗೆಯೇ ಮಾದಣ್ಣನ ಮನೆ ಬಾಗಿಲಿಗೆ ಹೋಗಿ ನಿಂತ.

ಮಾದಣ್ಣ ಹಲ್ಲುಜ್ಜುತ್ತಿದ್ದವನು ಬ್ರಷ್ಷು ತೆಗೆದು ಹೇಳಿದ: "ನೋಡ್ಲಾ, ಇವತ್ತು ಸಂಜೆ ಅಗರದಲ್ಲಿ ಆರತಕ್ಷತೆ ಪಾರ್ಟಿ. ದೊಡ್ ಮನೆ. ಕೂಗೋ ಗಿಟಾರ್ ತಕಂಡ್ ಬಾ. ಕೂಗುದ್ರೆ ನೀನು ಸ್ಟೇಜ್ ಮುಂದೆ. ಕೂಗ್ನಿಲ್ವಾ, ವೈರ್ ಎತ್ಕಂಡು ಹಿಂದಕ್ಕೆ ಓಗು. ಆಮೇಲೆ ಜಲ್ಮದಲ್ಲಿ ನನ್ ಮುಂದೆ ಗಿಟಾರ್ ಮಾತೆತ್ಬೇಡ."

"ನಾನ್ ಮುಂದಕ್ಕೆ ಬಂದ್ರೆ ವೈರ್ ಯಾರ್ ನೋಡ್ತಾರಣ್ಣ?"

"ಅದು ನನ್ ತಲೆನೋವು" ಎಂದು ಮಾದಣ್ಣ ಮತ್ತೆ ಬ್ರಷ್ಷು ಬಾಯಿಗಿಟ್ಟ.

ಶಾಂತಮೂರ್ತಿ ಅಲ್ಲಿಂದ ನೇರ ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಬೆಸುಗೆಯ ತಂತಿ ಕೊಂಡು, ಟೀ ಅಂಗಡಿಯ ಮುಂದೆ ನಿಂತು, ಮೈಸೂರಿನ ಒಂದು ಮ್ಯೂಸಿಕ್ ಅಂಗಡಿಗೆ ಫೋನು ಮಾಡಿದ.

"ಗಿಟಾರಿಗೆ ಒಸಿ ಪಾರ್ಟು ಬೇಕಿತ್ತು ಸಾ."

"ಯಾವ ಮಾಡೆಲ್?"

"ಕಪ್ಪುದು ಸಾ."

"ಬಣ್ಣ ಅಲ್ಲ ಸಾರ್, ಮಾಡೆಲ್."

"ಎಲೆಕ್ಟ್ರಿಕ್."

ಆ ಕಡೆಯವನು ಉಸಿರು ಬಿಟ್ಟದ್ದು ಈ ಕಡೆ ಕೇಳಿಸಿತು. "ಒಂದೊಂದು ಮಾಡೆಲ್ಲಿಗೆ ಒಂದೊಂದು ಅಳತೆ ಇರುತ್ತೆ. ಒಂದು ಕೆಲಸ ಮಾಡಿ. ಹಿಂದೆ, ಕುತ್ತಿಗೆ ಮೈಗೆ ಸೇರೋ ಜಾಗದಲ್ಲಿ ಸ್ಟೀಲ್ ಪ್ಲೇಟ್ ಇದೆಯಾ?"

"ಅದೆ ಸಾ. ಅದರ ಮೇಲೆ ಉದ್ದಕ್ಕೆ ಒಂದು ನಂಬರೂ ಅದೆ."

"ಅಷ್ಟು ಸಾಕು. ಆ ನಂಬರ್ ಹೇಳಿ, ಮಾಡೆಲ್ ನಾನು ಹುಡುಕ್ತೀನಿ. ಪಾರ್ಟ್ ಕೊಳ್ಳೇಗಾಲದ ಬಸ್ಸಿಗೆ ಹಾಕ್ತೀನಿ. ಮಧ್ಯಾಹ್ನ ಕಂಡಕ್ಟರ್ ಹತ್ರ ಇಸ್ಕೊಳ್ಳಿ."

"ಇಷ್ಟೇ ತಾನೆ" ಎಂದು ಶಾಂತಮೂರ್ತಿ ಮನೆಗೆ ಓಡಿದ.

ಮನೆಯ ಜಗುಲಿಯ ಮೇಲೆ ಅವನ ಅವ್ವ ಚಾಮುಂಡಮ್ಮ ಗಿಟಾರನ್ನು ತೊಡೆಯ ಮೇಲೆ ಕೂಸಿನಂತೆ ಬೋರಲು ಹಾಕಿಕೊಂಡು, ಹುಣಸೆಹಣ್ಣು ಹಚ್ಚಿ ಬೆನ್ನು ತಿಕ್ಕುತ್ತಿದ್ದಳು. ಎದುರು ಮನೆಯ ಯಶೋದಕ್ಕ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು.

"ಅವ್ವಾ, ನೀರ್ ಸೋಕಿಸ್ಬೇಡ! ಆ ಪ್ಲೇಟ್ ಮೇಲೆ ನಂಬರ್ ಅದಲ್ಲ, ಅದ್ನ ಓದು."

"ಯಾವ್ ನಂಬರ್ಲಾ?"

"ಅದೇ, ಇಂಗ್ಲಿಷ್ ಅಕ್ಷರ ಹಾಕಿ ಉದ್ದಕ್ಕೆ ಇತ್ತಲ್ಲ."

"ಓ, ಅದಾ?" ಎಂದಳು ಚಾಮುಂಡಮ್ಮ. "ಅದಿಲ್ಲ ಈಗ."

ಶಾಂತಮೂರ್ತಿ ಬಗ್ಗಿ ನೋಡಿದ. ಪ್ಲೇಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ, ಪಾತ್ರೆ ಅಂಗಡಿಯ ಮಿಷಿನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಅಕ್ಷರಗಳಲ್ಲಿ, ಹೀಗಿತ್ತು: ಚಾಮುಂಡಮ್ಮನವರ ಮಗ ಶಾಂತಮೂರ್ತಿ, ಕೊಳ್ಳೇಗಾಲ.

"ನೀನ್ ಅತ್ಲಾಗೆ ಓದೆ, ನಾವ್ ಇತ್ಲಾಗೆ ಪಾತ್ರೆ ಅಂಗಡಿಗೆ ಓದೊ" ಎಂದಳು ಅವ್ವ. "ಗುಜರಿ ಮಾಲು. ಬೇರೆಯೋರ ನಂಬರ್ ಇದ್ರೆ ನಾಳೆ ಪೊಲೀಸ್ನೋರು ಕದ್ದುದ್ದು ಅಂದ್ಬುಟ್ರೆ? ನೈಸಾಗಿ ಉಜ್ಜಿಸ್ಬುಟ್ಟು ನಿನ್ ಹೆಸ್ರು ಹಾಕಿಸ್ದೆ."

"ಐಡಿಯಾ ನಂದು" ಎಂದಳು ಯಶೋದಕ್ಕ, ಸನ್ಮಾನಕ್ಕೆ ಕಾದವಳಂತೆ. "ಮದ್ವೆ ಮನೆಗೆ ತಕಂಡೋಗೋ ಸಾಮಾನು ಅದ್ಲು ಬದ್ಲಾಯ್ತವೆ ಕಣಪ್ಪ. ಓದ್ ವರ್ಸ ನಮ್ ಅನ್ನ ಮಾಡೋ ಕೊಳದಪ್ಪಲೆ ಇಂಗೇ ಓಯ್ತು. ಹೆಸ್ರಿದ್ರೆ ಒಬ್ರೂ ಮುಟ್ಟಾಕಿಲ್ಲ."

ಕೊಳ್ಳೇಗಾಲದ ಆ ಬೀದಿಯಲ್ಲಿ ಹೆಸರಿಲ್ಲದ ಪಾತ್ರೆ ಯಾವ ಮನೆಯಲ್ಲೂ ಇರಲಿಲ್ಲ. ಶಾಂತಮೂರ್ತಿ ಚಿಕ್ಕಂದಿನಿಂದ ಉಣ್ಣುತ್ತಿದ್ದ ತಟ್ಟೆಯ ಮೇಲೆ ಚಿಕ್ಕಮಾದಯ್ಯ ಅನ್ನುವವನ ಹೆಸರಿತ್ತು. ಅವ್ವನ ಮದುವೆಗೆ ಆ ತಟ್ಟೆ ಉಡುಗೊರೆ ಕೊಟ್ಟು ಮುಯ್ಯಿ ಮಾಡಿದವನು ಅವನು. ಅವನು ಯಾರು, ಯಾವ ಕಡೆಯ ನೆಂಟ, ಈಗ ಬದುಕಿದ್ದಾನೋ ಇಲ್ಲವೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ದಿನಕ್ಕೆರಡು ಸಲ, ಸಾರು ಅನ್ನ ಮುಗಿದ ಮೇಲೆ, ಚಿಕ್ಕಮಾದಯ್ಯ ತಪ್ಪದೆ ದರ್ಶನ ಕೊಡುತ್ತಿದ್ದ.

ಶಾಂತಮೂರ್ತಿ ಕೂಗಾಡಲಿಲ್ಲ. ಫೋನು ತೆಗೆದು ಫೋಟೋ ಹುಡುಕಿದ. ಗಿಟಾರು ಮನೆಗೆ ಬಂದಾಗಿನಿಂದ ಅವನು ತೆಗೆದ ಫೋಟೋಗಳಿಗೆ ಲೆಕ್ಕವಿರಲಿಲ್ಲ. ಎಲ್ಲವೂ ಸೆಲ್ಫಿ. ಎಲ್ಲದರಲ್ಲೂ ಗಿಟಾರಿನ ಮುಂಭಾಗ, ಅದಕ್ಕಿಂತ ಹೆಚ್ಚಾಗಿ ಶಾಂತಮೂರ್ತಿಯ ಮುಂಭಾಗ. ಬೆನ್ನಿನ ಫೋಟೋ ಒಂದೂ ಇಲ್ಲ. ಜನಕ್ಕೆ ಬೆನ್ನು ತೋರಿಸಿ ತೋರಿಸಿ ಸಾಕಾದವನು ಬೆನ್ನಿನ ಫೋಟೋ ಯಾಕೆ ತೆಗೆದಾನು?

ಇದ್ದದ್ದರಲ್ಲಿ ಒಂದನ್ನು ಮೈಸೂರಿಗೆ ಕಳಿಸಿದ. ಉತ್ತರ ಬಂತು: "ಇದು ಎರಡು ಮೂರು ಗಿಟಾರ್ ಸೇರಿಸಿ ಕಟ್ಟಿದ ಹಾಗಿದೆ. ನಂಬರ್ ಇಲ್ಲದೆ ಹೇಳೋಕಾಗಲ್ಲ." ಹನೂರಿನ ಗುಜರಿಯವನಿಗೆ ಫೋನು ಮಾಡಿದ. ಅವನ ಮಾತು ಅರ್ಧ ತಮಿಳು, ಅರ್ಧ ಕನ್ನಡ, ನಡುನಡುವೆ ತಗಡು ಬೀಳುವ ಸದ್ದು.

"ತಂಬಿ, ಅದು ಪಾಲಾರ್ ಆ ಕಡೆಯಿಂದ ಲೋಡಲ್ಲಿ ಬಂದುದ್ದು. ನಂಬರ್ ಗಿಂಬರ್ ನಮಗೆ ತೆರಿಯಾದು. ತೂಕ ಮಾತ್ರ ಹೇಳ್ತೀನಿ. ಬೇಕಾ?"

ತೂಕ ಬೇಡವೆಂದು ಶಾಂತಮೂರ್ತಿ ಫೋನಿಟ್ಟ. ಮೈಸೂರಿನ ದಾರಿ ಮುಚ್ಚಿತು. ಸಂಜೆಗೆ ಗಿಟಾರು ಕೂಗಬೇಕು. "ಪಾರ್ಟ್ ಸಿಕ್ನಿಲ್ಲ ಅಂದ್ರೆ ಮಾಡದೇ ಸೈ" ಎಂದು ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಚಾಮುಂಡಮ್ಮ, ಯಶೋದಕ್ಕ ಹಿಂದೆಯೇ ಬಂದರು. ಬೀದಿಯಲ್ಲಿ ಬಿಡುವಾಗಿದ್ದವರೆಲ್ಲ ಅವರ ಹಿಂದೆ ಬಂದರು. ಆ ಬೀದಿಯಲ್ಲಿ ಬಿಡುವಿಲ್ಲದವರು ಕಡಿಮೆ.

ಪುಟ್ಟಸಿದ್ದಯ್ಯ ಮೋಟಾರು ವೈಂಡಿಂಗ್ ಅಂಗಡಿಯವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ನಡುವೆ ಕೂತು ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಅವನು ಗಿಟಾರನ್ನು ಮೇಲೆ ಕೆಳಗೆ ನೋಡಿ, ಕನ್ನಡಕ ಏರಿಸಿ ಕೇಳಿದ:

"ಎಷ್ಟು ಎಚ್ಪಿ?"

"ಇದಕ್ಕೆ ಎಚ್ಪಿ ಇರಾಕಿಲ್ಲ ಸಿದ್ದಯ್ಯಣ್ಣ."

"ಕಾಯಿಲ್ ಇದ್ಮೇಲೆ ಎಚ್ಪಿ ಇರ್ದೆ ಇರ್ತದಾ?" ಎಂದು ಪುಟ್ಟಸಿದ್ದಯ್ಯ ಸತ್ತ ಕಾಯಿಲನ್ನು ಬಿಚ್ಚಿ ಮೂಸಿದ. "ಇದು ಕೊಯಮತ್ತೂರ್ ಮಾಲು."

"ಅದೆಂಗೆ ಯೋಳ್ತಿ?"

"ಕೆಟ್ಟೋಗಿರೋ ಕಾಯಿಲೆಲ್ಲ ಅಲ್ಲಿಂದ್ಲೇ ಬರೋದು."

ಜೊತೆಗೆ ಬಂದವರೂ ಸುಮ್ಮನಿರಲಿಲ್ಲ. ಬಡಗಿಯೊಬ್ಬ ಮೈ ತಟ್ಟಿ ನೋಡಿ, ಇದು ಬೇವು, ಬೇವಿನ ಮರದಲ್ಲಿ ಗಿಟಾರು ಮಾಡುವುದು ಕೇರಳದವರು ಎಂದ. ಆಟೋ ಓಡಿಸುವವನು ಹಳದಿ ಬಣ್ಣ ಗುರುತಿಸಿ, ಇದು ಎರಡು ಸಾವಿರದ ಎಂಟರ ಮಾಡೆಲ್ ಎಂದ. ಒಬ್ಬ ಹುಡುಗಿ ಫೋನಿನಲ್ಲಿ ಫೋಟೋ ಹಾಕಿ ಹುಡುಕಿದಳು. ಫೋನು ಬಹಳ ಯೋಚನೆ ಮಾಡಿ, ಇದು ಪ್ರಾಯಶಃ ಗಿಟಾರು ಎಂದು ತಿಳಿಸಿತು.

"ಮಾಡೆಲ್ ಆಮೇಲ್ ನೋಡಾವ" ಎಂದ ಶಾಂತಮೂರ್ತಿ. "ಕಾಯಿಲ್ ಸುತ್ಕೊಡು."

ಪುಟ್ಟಸಿದ್ದಯ್ಯ ಹಳೆಯ ಕಾಲಿಂಗ್ ಬೆಲ್ಲುಗಳನ್ನು ಒಡೆದು ಕೂದಲಿನಷ್ಟು ಸಣ್ಣ ತಂತಿ ತೆಗೆದ. ಸುತ್ತಲು ಕೂತ. ತಂತಿ ಕಡಿಯಿತು. ಮತ್ತೆ ಕೂತ, ಮತ್ತೆ ಕಡಿಯಿತು. ಹತ್ತು ಎಚ್ಪಿ ಮೋಟಾರು ಎತ್ತಿ ಕೂರಿಸುವ ಬೆರಳುಗಳು. ಆ ತಂತಿ ಅವನ ಕೈಯಲ್ಲಿ, ಎಮ್ಮೆಯ ಕೊಂಬಿಗೆ ಸಿಕ್ಕ ಜೇಡರ ಬಲೆಯಂತಿತ್ತು.

"ಬುಡಣ್ಣ ಅತ್ಲಾಗೆ, ನೋಡಾಕಾಗಾಕಿಲ್ಲ" ಎಂದು ಯಶೋದಕ್ಕ ಕಾಯಿಲನ್ನು ಕಿತ್ತುಕೊಂಡಳು. ಅವಳು ಮಗ್ಗದವರಿಗೆ ಮನೆಯಲ್ಲೇ ರೇಷ್ಮೆ ನೂಲು ಸುತ್ತಿ ಕೊಡುತ್ತಿದ್ದಳು. ಎಲ್ಲರೂ ಅವಳ ಮನೆಗೆ ಹೋದರು. ರಾಟೆಯ ಕದಿರಿಗೆ ರೇಷ್ಮೆಯ ಬದಲು ಕಾಯಿಲನ್ನು ಸಿಕ್ಕಿಸಿ, ಟೀವಿ ಹಾಕಿಕೊಂಡು, ಯಶೋದಕ್ಕ ರಾಟೆ ತಿರುಗಿಸಿದಳು.

"ಎಷ್ಟು ಸುತ್ತು ಸುತ್ಬೇಕ್ಲಾ?"

"ಸಾವ್ರಗಟ್ಲೆ ಕಣಕ್ಕ. ಎಣಿಸ್ಕಂಡು ಸುತ್ತು."

"ಎಣಿಸ್ತಾ ಕೂತ್ರೆ ಸೀರಿಯಲ್ ನೋಡಾದ್ ಯಾವಾಗ? ಒಂದು ಸೀರಿಯಲ್ ಮುಗಿಯೋಗಂಟ ಸುತ್ತೀನಿ, ಸರಿಯಾಯ್ತದೆ."

ಸೀರಿಯಲ್ಲಿನಲ್ಲಿ ಸೊಸೆಯ ಮೇಲೆ ಕಳ್ಳತನದ ಆರೋಪ ಬಂತು. ಯಶೋದಕ್ಕನಿಗೆ ಸಿಟ್ಟು ಬಂದು ರಾಟೆ ಜೋರಾಯಿತು. ಸೊಸೆ ಅತ್ತಳು, ರಾಟೆ ನಿಧಾನವಾಯಿತು. ಜಾಹೀರಾತು ಬಂದಾಗ ಯಶೋದಕ್ಕ ಎದ್ದು ಹೋಗಿ ಅನ್ನಕ್ಕೆ ನೀರಿಟ್ಟು ಬಂದಳು. ತಂತಿ ಒಂದು ಸಲವೂ ಕಡಿಯಲಿಲ್ಲ. ಸೊಸೆ ನಿರಪರಾಧಿ ಎಂದು ತಿಳಿಯುವ ಹೊತ್ತಿಗೆ ಕಾಯಿಲ್ ತುಂಬಿತ್ತು.

ತಂತಿ ನಿಲ್ಲಿಸುವ ಪಟ್ಟಿಗೆ ಯಶೋದಕ್ಕನ ಅತ್ತೆಯ ಹಳೆಯ ಕೊಂಬಿನ ಬಾಚಣಿಗೆ ಒದಗಿತು. ಅತ್ತೆ ಮಲಗಿದ್ದರಿಂದ ಅವರ ಒಪ್ಪಿಗೆ ಕೇಳಲಾಗಲಿಲ್ಲ. ಬಾಚಣಿಗೆಯ ಅಂಚು ಕತ್ತರಿಸಿ, ಅರದಿಂದ ಆರು ಗೀರು ಹಾಕಿ, ಮುರಿದ ಪಟ್ಟಿಯ ಜಾಗಕ್ಕೆ ಶಾಂತಮೂರ್ತಿ ಅಂಟಿಸಿದ. ಹೊಸ ತಂತಿಗಳನ್ನು ಅವನು ಹೋದ ವಾರವೇ ತರಿಸಿಟ್ಟಿದ್ದ. ಉಳಿದದ್ದು ಸೌಂಡಿನ ತಿರುಪು. ಗಿಟಾರಿನಲ್ಲಿ ತಿರುಪು ಕೂರುವ ಕಡ್ಡಿ ಮಾತ್ರ ಉಳಿದಿತ್ತು. ಅದಕ್ಕೆ ಸರಿಹೊಂದುವ ತೂತು ಇದ್ದದ್ದು ಒಂದೇ ಒಂದು ಸಾಮಾನಿಗೆ, ಚಾಮುಂಡಮ್ಮನ ಗ್ಯಾಸ್ ಒಲೆಯ ತಿರುಪಿಗೆ.

"ಮೊಗ, ಆ ಒಲೇಲಿ ಉರಿಯೋದು ಅದೊಂದೇ ಕಣ್ಲಾ" ಎಂದಳು ಚಾಮುಂಡಮ್ಮ.

"ಒಂದಿನಕ್ಕೆ ಕೊಡವ್ವ. ರಾತ್ರೆ ವಾಪಸ್ ತತ್ತೀನಿ."

"ನಾಳೆ ಬೆಳಿಗ್ಗೆ ಕಾಪಿ ಕಾಸ್ಬೇಕು. ಮರೀಬೇಡ. ಮತ್ತೆ, ಸಿಮ್ಮಲ್ಲೇ ಇಟ್ಕಂಡು ಬಾರ್ಸು. ಐಯಲ್ಲಿಟ್ರೆ ಜನ ಬೆಚ್ಚಿ ಬೀಳ್ತಾರೆ."

ಮಧ್ಯಾಹ್ನ ಕಳೆದ ಮೇಲೆ ಪುಟ್ಟಸಿದ್ದಯ್ಯನ ಅಂಗಡಿಯ ಮುಂದೆ ಪರೀಕ್ಷೆ ನಡೆಯಿತು. ಒಂದು ಹಳೆಯ ಆಂಪ್ಲಿಫೈಯರಿಗೆ ವೈರು ಕೊಟ್ಟು, ಒಲೆಯ ತಿರುಪನ್ನು ಸಿಮ್ಮಿನಿಂದ ಮೇಲಕ್ಕೆ ತಿರುಗಿಸಿ, ಶಾಂತಮೂರ್ತಿ ತಂತಿ ಮೀಟಿದ.

ಗಿಟಾರು ಕೂಗಿತು. ಬರೀ ಕೂಗಲಿಲ್ಲ, ಹಾಡಿತು. ಕೆಳಗಿನ ತಂತಿ ಗಂಟೆಯ ಹಾಗೆ, ಮೇಲಿನ ತಂತಿ ಲಾರಿಯ ಹಾರನ್ನಿನ ಹಾಗೆ. ಎದುರಿನ ಗೋಡೆಯ ಮೇಲಿದ್ದ ಬೆಕ್ಕು ಇಳಿದು ಹೋಯಿತು. ಶಾಂತಮೂರ್ತಿ ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಬಾರಿಸಿದ, ಎಲ್ಲೂ ತಪ್ಪಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವನ ಜೀವನದಲ್ಲಿ ಅವನ ಮುಖ ನೋಡಿ ತಟ್ಟಿದ ಮೊದಲ ಚಪ್ಪಾಳೆ ಅದು.

"ನಾನ್ ಯೋಳಿರ್ನಿಲ್ವಾ, ಕೊಯಮತ್ತೂರ್ ಮಾಲು ಅಂತ" ಎಂದ ಪುಟ್ಟಸಿದ್ದಯ್ಯ.

ಹೊರಡುವಾಗ ಚಾಮುಂಡಮ್ಮ ಗಿಟಾರಿಗೆ ಅರಿಶಿನ ಕುಂಕುಮ ಇಟ್ಟಳು. ಯಶೋದಕ್ಕ ಅದರ ತಲೆಗೆ ಒಂದು ಮೊಳ ಮಲ್ಲಿಗೆ ಸುತ್ತಿದಳು. ಬೇಡವೆಂದರೆ ಹೊತ್ತಾಗುತ್ತಿತ್ತು. ಶಾಂತಮೂರ್ತಿ ಮಲ್ಲಿಗೆ ಮುಡಿದ ಗಿಟಾರನ್ನು ತಬ್ಬಿಕೊಂಡು ಯಳಂದೂರು ಬಸ್ಸು ಹತ್ತಿದ.

ಕಂಡಕ್ಟರ್ ಅವನನ್ನೂ ಗಿಟಾರನ್ನೂ ನೋಡಿದ. "ಇದಕ್ಕೆ ಲಗೇಜ್ ಹಾಕ್ಬೇಕು. ಏನಿದು?"

"ಗಿಟಾರ್."

"ಹೂ ಮುಡ್ಸಿದ್ದೀರಲ್ಲ, ದೇವರ ಸಾಮಾನೇನೋ ಅಂದ್ಕಂಡೆ. ಓಗ್ಲಿ ಬುಡಿ, ನಿಂತ್ಕಂಡೇ ಬರ್ಲಿ."

ಅಗರದಲ್ಲಿ ಮದುವೆ ಮನೆಯ ಮುಂದೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಒಂದು ತುದಿಯಲ್ಲಿ ಸ್ಟೇಜು. ಗಂಡು ಹೆಣ್ಣಿಗೆ ಸಿಂಹಾಸನದಂಥ ಕುರ್ಚಿಗಳು. ಮಾದಣ್ಣ ಗಿಟಾರನ್ನು ಮೀಟಿಸಿ ಕೇಳಿದ. ಒಲೆಯ ತಿರುಪನ್ನು ನೋಡಿ ಹುಬ್ಬು ಗಂಟಿಕ್ಕಿದ. ಆದರೆ ಸದ್ದಿನಲ್ಲಿ ಹುಳುಕು ಸಿಗಲಿಲ್ಲ.

"ಪರ್ವಾಗಿಲ್ವಲ್ಲಾ! ಯಾವ್ ಮಾಡೆಲ್ ಇದು?"

"ಅದೊಂದ್ ಕೇಳ್ಬೇಡಣ್ಣ."

"ಸರಿ. ಮುಂದೆ ನಿಂತ್ಕ. ಲೈಟ್ ಮೊಕದ ಮೇಲೆ ಬೀಳೋ ಕಡೆ."

ಶಾಂತಮೂರ್ತಿ ಸ್ಟೇಜಿನ ಮುಂದೆ, ಲೈಟು ಬೀಳುವ ಕಡೆ ನಿಂತ. ಕೂದಲು ಸರಿಮಾಡಿಕೊಂಡ. ಇನ್ನೇನು ಶುರುವಾಗಬೇಕು.

ಅಷ್ಟರಲ್ಲಿ ಹೆಣ್ಣಿನ ದೊಡ್ಡಪ್ಪ ಪುಟ್ಟಮಲ್ಲಪ್ಪನವರು ಮೈಕು ಕೈಗೆತ್ತಿಕೊಂಡರು. ಬಂದ ಮುಯ್ಯಿಯನ್ನು ಹೆಸರು ಹಿಡಿದು ಕೂಗುವುದು ಆ ಮನೆಯ ಪದ್ಧತಿ, ಕೂಗುವುದು ಪುಟ್ಟಮಲ್ಲಪ್ಪನವರ ಹಕ್ಕು. ಅವರು "ಯಳಂದೂರು..." ಅಂದದ್ದೇ ಮೈಕು ಗುಯ್ಯೆಂದಿತು. ಮತ್ತೆ ಬಾಯಿ ತೆರೆದರು. ಮತ್ತೆ ಗುಯ್ಯೆಂದಿತು.

"ಏನ್ರೀ ಮಾದಣ್ಣ, ನಾನು ಹೆಸ್ರು ಕರೀಲೋ, ನಿಮ್ ಮೈಕು ದನ ಕರೀತದೋ?"

ಮಾದಣ್ಣ ಅತ್ತಿತ್ತ ನೋಡಿದ. ಹೊಸ ವೈರು ಹುಡುಗ ಇನ್ನೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಮಾದಣ್ಣ ಯಾರನ್ನೂ ಕರೆದೇ ಇರಲಿಲ್ಲ. ಅವನ ಕಣ್ಣು ಶಾಂತಮೂರ್ತಿಯ ಮೇಲೆ ಬಂದು ನಿಂತಿತು.

"ಅಣ್ಣ, ನಾನೀಗ ಗಿಟಾರು" ಎಂದ ಶಾಂತಮೂರ್ತಿ.

"ಐದ್ ನಿಮಿಷ ಕಣ್ಲಾ. ಅರ್ತಿಂಗ್ ಓಗದೆ ಅಷ್ಟೇ. ನಿನ್ ಗಿಟಾರೂ ಗುಯ್ ಅಂದ್ರೆ ನಿಂಗೇ ಮರ್ವಾದೆ ಓಗೋದು."

ಅದು ಸರಿಯಾದ ಮಾತು. ಮನೆಯ ಹಿತ್ತಲಿನಲ್ಲಿ, ಅರ್ತಿಂಗ್ ಕಂಬಿ ಹೂತ ಕಡೆ, ನೀರು ಸುರಿದರೆ ಕೆಸರಾಗುತ್ತದೆ. ಗಿಟಾರನ್ನು ಅಲ್ಲಿಗೆ ಒಯ್ಯುವುದು ಶಾಂತಮೂರ್ತಿಗೆ ಇಷ್ಟವಿರಲಿಲ್ಲ. ಸ್ಟೇಜಿನ ಪಕ್ಕದಲ್ಲಿ ಕೆಂಪು ಬಟ್ಟೆ ಹಾಸಿದ ಉದ್ದದ ಮೇಜಿತ್ತು. ಅದರ ಮೇಲೆ ಏನೇನೋ ಪೆಟ್ಟಿಗೆಗಳಿದ್ದವು. ಯಾರಾದರೂ ತಂತಿ ಮುಟ್ಟಿ ಸುರ ಕೆಡಿಸಬಾರದೆಂದು ಗಿಟಾರನ್ನು ಬೋರಲಾಗಿ, ಮೆತ್ತಗೆ, ಅಲ್ಲಿ ಮಲಗಿಸಿದ. ಬೆನ್ನಿನ ಪ್ಲೇಟು ಲೈಟಿಗೆ ಫಳಫಳ ಹೊಳೆಯಿತು. ಹೆಸರಿದೆಯಲ್ಲ, ಯಾರೂ ಮುಟ್ಟುವುದಿಲ್ಲ ಎಂದುಕೊಂಡು ಹಿತ್ತಲಿಗೆ ಓಡಿದ.

ಕಂಬಿ ಸಡಿಲವಾಗಿತ್ತು. ನೆಲ ಒಣಗಿ ಬಿರುಕು ಬಿಟ್ಟಿತ್ತು. ಅವನು ಪ್ಯಾಂಟು ಮಡಚಿ, ಕಲ್ಲಿನಿಂದ ಕಂಬಿಯನ್ನು ಹೊಡೆದ. ಅಡುಗೆಯವರ ತೊಟ್ಟಿಯಿಂದ ಒಂದು ಬಕೆಟ್ಟು ನೀರು ತಂದು ಸುರಿದ, ಒಂದು ಹಿಡಿ ಉಪ್ಪು ಹಾಕಿದ. ಇನ್ನೊಂದು ಬಕೆಟ್ಟು ಸುರಿದ. ಗುಯ್ಯೆನ್ನುವುದು ಕಡಿಮೆಯಾಯಿತು. ಮೂರನೆಯ ಬಕೆಟ್ಟು ಎತ್ತುವ ಹೊತ್ತಿಗೆ ಪೂರ್ತಿ ನಿಂತಿತು. ಊರಿನ ನಾಲ್ಕೂ ದಿಕ್ಕಿಗೆ ಕಟ್ಟಿದ್ದ ಸ್ಪೀಕರುಗಳಲ್ಲಿ ಪುಟ್ಟಮಲ್ಲಪ್ಪನವರ ದನಿ ಗಾಜಿನ ಲೋಟದಲ್ಲಿಟ್ಟ ನೀರಿನಷ್ಟು ಸ್ವಚ್ಛವಾಗಿ ಕೇಳಿಸಿತು:

"ಕೊಳ್ಳೇಗಾಲ... ಚಾಮುಂಡಮ್ಮನವರ ಮಗ ಶಾಂತಮೂರ್ತಿಯವರಿಂದ... ಒಂದು..."

ಮೈಕಿಗೆ ಕೈ ಅಡ್ಡ ಇಟ್ಟು ಪಕ್ಕದವನನ್ನು ಕೇಳಿದ್ದೂ ಸ್ವಚ್ಛವಾಗಿಯೇ ಕೇಳಿಸಿತು. "ಏನ್ಲಾ ಇದು?" "ಗೊತ್ತಿಲ್ಲ ಬುದ್ಧಿ, ತಿರುಪು ನೋಡುದ್ರೆ ಒಲೆ ಇದ್ದಂಗದೆ." "ಒಲೆಗೆ ಯಾರಾದ್ರೂ ತಂತಿ ಕಟ್ತಾರ್ಲಾ? ವೀಣೆ ಇದು."

"ಒಂದು ಕರೆಂಟ್ ವೀಣೆ!" ಎಂದು ಪುಟ್ಟಮಲ್ಲಪ್ಪನವರು ಕೂಗಿದರು. ಶಾಮಿಯಾನ ಅದುರುವಂತೆ ಚಪ್ಪಾಳೆ ಬಿತ್ತು.

ಬೆಳಿಗ್ಗೆಯಿಂದ ಯಾರಿಗೂ ಗುರುತು ಸಿಗದಿದ್ದ ಗಿಟಾರಿನ ಗುರುತು ಕೊನೆಗೂ ನಿಶ್ಚಯವಾಗಿತ್ತು.

ಶಾಂತಮೂರ್ತಿ ಬಕೆಟ್ಟನ್ನು ಅಲ್ಲೇ ಬಿಟ್ಟು, ಮೊಳಕಾಲಿನವರೆಗೆ ಕೆಸರಾಗಿ, ಸ್ಟೇಜಿಗೆ ಓಡಿ ಬಂದ. ಮದುವೆ ಗಂಡು ಆಗಲೇ ಗಿಟಾರನ್ನು ತಬ್ಬಿಕೊಂಡು ಫೋಟೋಗೆ ನಿಂತಿದ್ದ.

"ಯಜಮಾನ್ರೇ" ಎಂದು ಶಾಂತಮೂರ್ತಿ ಏದುಸಿರು ಬಿಟ್ಟ. "ಅದು ನಂದು!"

"ನಿಮ್ದೇ ಕಣಪ್ಪ!" ಎಂದು ಪುಟ್ಟಮಲ್ಲಪ್ಪನವರು ಅವನ ಎರಡೂ ಕೈ ಹಿಡಿದುಕೊಂಡರು. "ಹೆಸ್ರೇ ಅದಲ್ಲ! ಚಾಮುಂಡಮ್ಮ ಅಂದ್ರೆ ಯಾರು ಅಂತ ಜ್ಞಾಪ್ಕ ಬತ್ತಿಲ್ಲ ನಂಗೆ. ವಯಸ್ಸಾಯ್ತು, ತಪ್ಪು ತಿಳ್ಕಬೇಡಿ. ನಿಮ್ಮವ್ವಾರು ನಮ್ಮನ್ನ ಮರ್ತಿಲ್ವಲ್ಲ, ಅದು ದೊಡ್ದು."

"ಅಂಗಲ್ಲ ಯಜಮಾನ್ರೇ. ನಾನು ಬಾರ್ಸಕ್ಕೆ ಅಂತ ತಂದುದ್ದು."

"ಬಾರ್ಸಕ್ಕೇ ತಾನೆ ಕೊಡದು? ಮತ್ತೇನು ಗೋಡೆಗೆ ನೇತಾಕಕ್ಕೆ ಕೊಡ್ತಾರಾ?"

ಹೆಣ್ಣು ಪವಿತ್ರ ಕುರ್ಚಿಯಿಂದ ಎದ್ದೇ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ಅಣ್ಣ, ಬಂದೋರೆಲ್ಲ ಕುಕ್ಕರ್ ಕೊಟ್ರು, ಇಲ್ಲಾಂದ್ರೆ ಗೋಡೆ ಗಡಿಯಾರ. ನೀವೊಬ್ರೇ ಮನಸಿಟ್ಟು ತಂದಿರೋದು. ಹೂವು ಬೇರೆ ಮುಡಿಸಿ, ಹೆಸರು ಬೇರೆ ಹಾಕಿಸಿ..."

ಫೋಟೋದವನು ಶಾಂತಮೂರ್ತಿಯ ತೋಳು ಹಿಡಿದು ಗಂಡು ಹೆಣ್ಣಿನ ನಡುವೆ ನಿಲ್ಲಿಸಿದ. ಲೈಟು ಮುಖದ ಮೇಲೆ ಬಿತ್ತು. ಇಡೀ ಅಗರ ಅವನ ಮುಖ ನೋಡಿತು. ಹೀಗೆ ಶಾಂತಮೂರ್ತಿ ಸ್ಟೇಜಿನ ಮುಂದೆ ನಿಂತ, ಒಂದು ಫೋಟೋ ಮುಗಿಯುವಷ್ಟು ಹೊತ್ತು.

ಇಳಿಯುವ ಮುನ್ನ ಕೊನೆಯ ಪ್ರಯತ್ನ ಮಾಡಿದ. "ಯಜಮಾನ್ರೇ, ಇವತ್ತೊಂದ್ ರಾತ್ರೆ ನಾನೇ ಬಾರ್ಸಿ ವಾಪಸ್ ಕೊಡ್ತೀನಿ. ಪ್ರೋಗ್ರಾಮಿಗೆ ಬೇಕು."

ಪುಟ್ಟಮಲ್ಲಪ್ಪನವರು ಬೇಜಾರು ಮಾಡಿಕೊಳ್ಳಲಿಲ್ಲ, ತಮಾಷೆ ಎಂದುಕೊಂಡು ನಕ್ಕರು. "ಮುಯ್ಯಿ ಕೊಟ್ಟ ಪಾತ್ರೇಲಿ ಕೊಟ್ಟೋರೇ ಅಡುಗೆ ಮಾಡ್ಕಂಡು ಉಣ್ತಾರಾ? ನಮ್ ಮರ್ವಾದೆ ಏನಾಯ್ತದೆ! ನೀವು ಊಟ ಮಾಡ್ಕಂಡು ಓಗಿ. ನಿಮ್ ಮದ್ವೇಲಿ ನಾವೂ ಇದಕ್ಕೆ ಕಮ್ಮಿ ಇಲ್ದಂಗೆ ಮುಯ್ಯಿ ಮಾಡ್ತೀವಿ. ಯಾವಾಗ ನಿಮ್ ಮದ್ವೆ?"

ಶಾಂತಮೂರ್ತಿ ನೋಡಿ ಬಂದ ಹೆಣ್ಣುಗಳ ಮನೆಯವರೆಲ್ಲ ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿ, ವೈರು ಎಂದು ತಿಳಿದು, ಕಾಫಿ ಕೊಟ್ಟು ಕಳಿಸಿದ್ದರು. ಅದನ್ನು ಅವನು ಪುಟ್ಟಮಲ್ಲಪ್ಪನವರಿಗೆ ಹೇಳಲಿಲ್ಲ.

ಮಾದಣ್ಣ ಅವನನ್ನು ಸ್ಟೇಜಿನ ಹಿಂದಕ್ಕೆ ಎಳೆದುಕೊಂಡು ಹೋದ. "ಲೇ, ಬಾಯ್ ಮುಚ್ಕಂಡಿರು. ಈ ಮನೇಲಿ ಇನ್ನೂ ಎಲ್ಡ್ ಮದ್ವೆ ಅವೆ. ಮೈಕಲ್ಲಿ ಕೂಗಿದ್ ಮುಯ್ಯಿ ವಾಪಸ್ ಕೇಳಿ ನನ್ ಪಾರ್ಟಿ ಕೆಡಿಸ್ಬೇಡ."

"ಮತ್ತೆ ನನ್ ಜಾಗ?"

"ಕೂಗೋ ಗಿಟಾರ್ ತಕಂಡ್ ಬಾ ಅಂದಿದ್ದೆ. ಎಲ್ಲದೆ ಗಿಟಾರು?" ಮಾದಣ್ಣ ಮುಖವನ್ನು ಆ ಕಡೆ ತಿರುಗಿಸಿಕೊಂಡ. ಅವನಿಗೂ ಸ್ವಲ್ಪ ನಾಚಿಕೆಯಾಗಿರಬೇಕು. "ಅದಿರ್ಲಿ. ಗಂಡು ತಾನೇ ಗಿಟಾರ್ ಇಡ್ಕಂಡು ನಿಲ್ತೀನಿ ಅಂತಾವ್ನೆ. ಅವನ ಸ್ನೇಹಿತರೆಲ್ಲ ವೀಡಿಯೋ ತೆಗೀಬೇಕಂತೆ. ಓಗು, ಅದಕ್ಕೊಂದು ವೈರ್ ಕೊಡು."

ಶಾಂತಮೂರ್ತಿ ವೈರು ತಂದು ಬಗ್ಗಿ ಗಿಟಾರಿಗೆ ಚುಚ್ಚಿದ. ಜನಕ್ಕೆ ಮತ್ತೆ ಅವನ ಬೆನ್ನು ಕಂಡಿತು. ಗಂಡು ಒಂದೊಂದೇ ತಂತಿಯನ್ನು ಹೊಸ ಬೀಗರನ್ನು ಮಾತಾಡಿಸಿದಂತೆ ಅಂಜುತ್ತ ಮೀಟಿದ. ಆದರೂ ಗಿಟಾರು ಚೆನ್ನಾಗಿ ಕೂಗಿತು. ಯಶೋದಕ್ಕನ ಕೆಲಸದಲ್ಲಿ ಹುಳುಕಿರಲಿಲ್ಲ.

"ಸೂಪರ್ ಆಗಿದೆ ಬ್ರದರ್" ಎಂದ ಗಂಡು. "ಯಾವ ಮಾಡೆಲ್ ಇದು?"

"ಹಿಂದ್ಗಡೆ ಪ್ಲೇಟ್ ಮೇಲೆ ಅದೆ, ಓದ್ಕಳಿ" ಎಂದು ಶಾಂತಮೂರ್ತಿ ಸ್ಟೇಜಿನ ಹಿಂದಕ್ಕೆ ಹೋಗಿ, ಹೆಚ್ಚಾಗಿ ಉಳಿದ ವೈರನ್ನು ಮೊಣಕೈಗೆ ಸುತ್ತತೊಡಗಿದ. ಅರ್ಧ ಸುತ್ತಿರುವಾಗ ಅವ್ವನ ಫೋನು ಬಂತು.

"ಕೂಗ್ತಾ ಮೊಗ?"

"ಕೂಗ್ತು ಕಣವ್ವ."

"ಜನಕ್ಕೆ ಹಿಡುಸ್ತಾ?"

"ಬೋ ಹಿಡುಸ್ತು. ಬುಡ್ತಾನೇ ಇಲ್ಲ."

"ನಿನ್ ಹೆಸ್ರು ಯೋಳುದ್ರಾ?"

"ಮೈಕಲ್ಲೇ ಯೋಳುದ್ರು. ನಿನ್ ಹೆಸ್ರೂ ಸೇರಿಸ್ಕಂಡು."

"ನೋಡ್ದಾ!" ಚಾಮುಂಡಮ್ಮನ ದನಿ ಉಬ್ಬಿತು. ಪಕ್ಕದಲ್ಲಿ ಯಶೋದಕ್ಕ, ಐಡಿಯಾ ನಂದು ಎನ್ನುತ್ತಿದ್ದದ್ದೂ ಕೇಳಿಸಿತು. "ಹೆಸ್ರು ಹಾಕಿಸಿದ್ದಕ್ಕೆ ಬೆಳಿಗ್ಗೆ ಮೊಕ ಊದಿಸ್ಕಂಡಿದ್ದಲ್ಲ. ಸರಿ ಸರಿ, ಬರುವಾಗ ಒಲೆ ತಿರುಪು ಮರೀಬೇಡ. ಅದಿಲ್ದೆ ನಾಳೆ ಕಾಪಿ ಇಲ್ಲ."

ಸ್ಟೇಜಿನ ಮೇಲೆ ಮದುವೆ ಗಂಡು ಆ ತಿರುಪನ್ನು ಹಿಡಿದು, ಸ್ನೇಹಿತರ ಕಡೆ ನೋಡಿ ನಕ್ಕು, ಸಿಮ್ಮಿನಿಂದ ಪೂರ್ತಿ ಹೈಗೆ ತಿರುಗಿಸಿದ.